ಜಠರದ ಬಾಗಿಲು ಮತ್ತು ಪಿತ್ತದ ಅಪರಾಧ

ಊಟವಾಗಿ ಸ್ವಲ್ಪ ಹೊತ್ತಿಗೆ ಹುಳಿತೇಗು ಬಂದರೆ "ಯಾಕೋ ಪಿತ್ತ ಹೆಚ್ಚಾಗಿದೆ" ಎಂದು ಜೀರಿಗೆ ಕಷಾಯಕ್ಕೆ ಹೇಳುವುದು ನಮ್ಮ ಮನೆಗಳ ವಾಡಿಕೆ. ನಿಜಕ್ಕೂ ಆ ಹುಳಿ ಜಠರದ ಆಮ್ಲದ್ದು. ದೂರು ಮಾತ್ರ ಪಿತ್ತದ ಮೇಲೆ. ಹೀಗೆ ಪಿತ್ತವನ್ನು ದೂರಿದವರು ನಾವಷ್ಟೇ ಅಲ್ಲ. ಎರಡನೆಯ ಶತಮಾನದ ಗ್ರೀಕ್ ವೈದ್ಯ ಗೇಲನ್, ಕ್ಯಾನ್ಸರಿಗೆ 'ಕರಿಯ ಪಿತ್ತ'ವೇ ಕಾರಣವೆಂದು ಬರೆದಿಟ್ಟ. ಸಾವಿರ ವರ್ಷಕ್ಕೂ ಮಿಕ್ಕಿ ಯೂರೋಪು ಅದನ್ನು ನಂಬಿತು. ಅಂಥ ದ್ರವವೇ ದೇಹದಲ್ಲಿಲ್ಲವೆಂದು ತಿಳಿದ ಮೇಲೆ ಪಿತ್ತಕ್ಕೆ ಬಿಡುಗಡೆಯಾಯಿತು. ಆದರೆ ಯಕೃತ್ತಿನಲ್ಲಿ ಹುಟ್ಟುವ ನಿಜವಾದ ಪಿತ್ತರಸ ಮತ್ತೊಮ್ಮೆ ಕಟಕಟೆ ಏರಬೇಕಾದ ಕಾಲ ಬಂದೇ ಬಂದಿತು.

ಜಠರ ಮುಗಿದು ಸಣ್ಣ ಕರುಳು ಮೊದಲಾಗುವಲ್ಲಿ ಸ್ನಾಯುವಿನ ಒಂದು ಬಳೆಯುಂಟು. ಗ್ರೀಕರು ಅದಕ್ಕೆ 'ಪೈಲೊರಸ್', ಎಂದರೆ ದ್ವಾರಪಾಲಕ, ಎಂದು ಹೆಸರಿಟ್ಟರು. ಪಿತ್ತದ ಕಾರ್ಯಕ್ಷೇತ್ರ ಅದರ ಆಚೆ. ಅದರಲ್ಲಿರುವ ಪಿತ್ತಾಮ್ಲಗಳು ಸಾಬೂನಿನಂತೆ ಜಿಡ್ಡನ್ನು ಒಡೆದು ಜೀರ್ಣಕ್ಕೆ ಒದಗಿಸುತ್ತವೆ. ಅದೇ ಸಾಬೂನು ಈಚೆ ನುಗ್ಗಿದರೆ ಜಠರದ ಒಳಪೊರೆಯನ್ನೂ ಕೆಡಿಸಬಲ್ಲದು. 1822ರಲ್ಲಿ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬಾತನ ಹೊಟ್ಟೆಗೆ ಗುಂಡು ತಗುಲಿ, ಗಾಯ ಮುಚ್ಚದೆ ಕಿಂಡಿಯಾಗಿ ಉಳಿಯಿತು. ಸೈನ್ಯದ ವೈದ್ಯ ವಿಲಿಯಂ ಬೋಮಾಂಟ್ ವರ್ಷಗಟ್ಟಲೆ ಆ ಕಿಂಡಿಯಿಂದ ಇಣುಕಿ ನೋಡಿ 1833ರಲ್ಲಿ ಪುಸ್ತಕ ಪ್ರಕಟಿಸಿದ. ಜಠರದಲ್ಲಿ ಪಿತ್ತ ಸಾಮಾನ್ಯವಾಗಿ ಕಾಣಿಸದು; ಸಿಟ್ಟು ಬಂದಾಗ, ಅತಿಯಾಗಿ ಜಿಡ್ಡು ತಿಂದಾಗ ಕಾಣಿಸುವುದುಂಟು ಎಂಬುದು ಅವನ ಅನುಭವ.

1881ರ ಜನವರಿ 29ರಂದು ವಿಯೆನ್ನಾದ ಶಸ್ತ್ರವೈದ್ಯ ತಿಯೊಡರ್ ಬಿಲ್‌ರೋತ್, ಕ್ಯಾನ್ಸರ್ ತಗುಲಿದ ಮಹಿಳೆಯೊಬ್ಬಳ ಜಠರದ ಕೆಳಭಾಗವನ್ನು ಕತ್ತರಿಸಿ ತೆಗೆದ. ಆಕೆ ನಾಲ್ಕು ತಿಂಗಳಷ್ಟೇ ಬದುಕಿದರೂ ಶಸ್ತ್ರವಿದ್ಯೆಗೆ ಅದೊಂದು ಹೊಸ ದಾರಿಯಾಯಿತು. 1885ರಲ್ಲಿ ಅವನು ಉಳಿದ ಜಠರವನ್ನು ನೇರವಾಗಿ ಸಣ್ಣ ಕರುಳಿಗೆ ಹೊಲಿದ. ಇಪ್ಪತ್ತನೆಯ ಶತಮಾನದ ನಡುಗಾಲದವರೆಗೂ ಅಸಂಖ್ಯ ಜನರ ಜಠರದ ಹುಣ್ಣಿಗೆ ಇದೇ ಮಾದರಿಯ ಚಿಕಿತ್ಸೆ ನಡೆಯಿತು. ಹುಣ್ಣೇನೋ ವಾಸಿಯಾಯಿತು, ಆದರೆ ದ್ವಾರಪಾಲಕನೇ ಇಲ್ಲದಂತಾದ. ಹದಿನೈದು, ಇಪ್ಪತ್ತು ವರ್ಷ ಕಳೆದ ಮೇಲೆ, ಅಂಥವರ ಉಳಿದ ಜಠರದಲ್ಲಿ ಕ್ಯಾನ್ಸರಿನ ಸಂಭವ ಹೆಚ್ಚೆಂದು ತಿಳಿದುಬಂತು. ಎಡೆಬಿಡದೆ ಹಿಂದಕ್ಕೆ ಹರಿಯುವ ಪಿತ್ತದ ಮೇಲೆ ಸಂಶಯ ಬಿದ್ದಿತು. ಪಿತ್ತ ಜಠರಕ್ಕೆ ಹರಿಯುವಂತೆ ಶಸ್ತ್ರಚಿಕಿತ್ಸೆ ಮಾಡಿದ ಇಲಿಗಳಲ್ಲಿಯೂ ಕ್ಯಾನ್ಸರ್ ಕಂಡುಬಂದು ಆ ಸಂಶಯ ಬಲವಾಯಿತು.

ಹಾಗಾದರೆ ಹೊಟ್ಟೆಗೆ ಎಂದೂ ಕತ್ತರಿ ತಾಗದವರಿಗೆ ಈ ರೋಗ ಬರುವುದೇಕೆ? ಉತ್ತರ ಆಸ್ಟ್ರೇಲಿಯದ ಪರ್ತ್ ನಗರದಿಂದ ಬಂದಿತು. ಆಮ್ಲದ ಮಡುವಾದ ಜಠರದಲ್ಲಿ ಯಾವ ಕ್ರಿಮಿಯೂ ಬಾಳದೆಂದು ಎಲ್ಲರೂ ನಂಬಿದ್ದಾಗ, 1979ರಲ್ಲಿ ರಾಬಿನ್ ವಾರೆನ್ ಅಲ್ಲಿಯೇ ಬಾಗಿದ ಬ್ಯಾಕ್ಟೀರಿಯಗಳನ್ನು ಕಂಡರು. ಅವನ್ನು ಬೆಳೆಸುವ ಯತ್ನ ಫಲಿಸಿದ್ದು 1982ರಲ್ಲಿ. ಅದೂ ಈಸ್ಟರ್ ರಜೆಯಿಂದಾಗಿ ಗಾಜಿನ ತಟ್ಟೆಗಳು ಹೆಚ್ಚು ದಿನ ಪೆಟ್ಟಿಗೆಯಲ್ಲೇ ಉಳಿದದ್ದರಿಂದ! ಆದರೂ ವೈದ್ಯಲೋಕ ನಂಬಲಿಲ್ಲ. 1984ರಲ್ಲಿ ವಾರೆನ್ನರ ಕಿರಿಯ ಸಹೋದ್ಯೋಗಿ ಬ್ಯಾರಿ ಮಾರ್ಷಲ್, ಹೆಂಡತಿಗೂ ಮುಂಚಿತವಾಗಿ ಹೇಳದೆ, ಆ ಕ್ರಿಮಿಗಳ ದ್ರವವನ್ನು ಕುಡಿದೇಬಿಟ್ಟರು. ಹತ್ತನೆಯ ದಿನ ಪರೀಕ್ಷಿಸಿದಾಗ ಜಠರದ ಒಳಪೊರೆ ಉರಿಯೂತದಿಂದ ಕೂಡಿತ್ತು. ಆ ಕ್ರಿಮಿಯ ಹೆಸರು 'ಹೆಲಿಕೋಬ್ಯಾಕ್ಟರ್ ಪೈಲೊರಿ'. ಹೆಸರಿನಲ್ಲಿಯೂ ಆ ದ್ವಾರಪಾಲಕನೇ ಇದ್ದಾನೆ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಕ್ಯಾನ್ಸರ್‌ಕಾರಕವೆಂದು ಸಾರಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು.

ಇಷ್ಟಾಗಿ, ಕ್ರಿಮಿ ಹೊಕ್ಕವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ. 2001ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನದಲ್ಲಿ ಸೋಂಕಿದ್ದ 1,246 ಮಂದಿಯಲ್ಲಿ ಸುಮಾರು ಎಂಟು ವರ್ಷಗಳೊಳಗೆ ಕ್ಯಾನ್ಸರ್ ಕಂಡದ್ದು 36 ಜನರಲ್ಲಿ. ಸೋಂಕಿಲ್ಲದ 280 ಮಂದಿಯಲ್ಲಿ ಒಬ್ಬರಲ್ಲೂ ಇಲ್ಲ. ಕ್ರಿಮಿ ಮೂಲವೇ ಹೌದು, ಆದರೆ ಒಂಟಿಯಲ್ಲ. ರೋಗವಿಜ್ಞಾನಿ ಪೆಲಾಯೊ ಕೊರ್ರೆಯಾ ತೋರಿಸಿದಂತೆ ರೋಗ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ: ಮೊದಲು ಉರಿಯೂತ, ಬಳಿಕ ಒಳಪೊರೆ ಸವೆದು ಆಮ್ಲದ ಇಳಿತ, ತರುವಾಯ ಜಠರದ ಪೊರೆ ಕರುಳಿನ ಪೊರೆಯಂತೆ ಮಾರ್ಪಡುವುದು, ಕಟ್ಟಕಡೆಗೆ ಕ್ಯಾನ್ಸರ್. ಪಿತ್ತದ ಪಾತ್ರ ಮುಖ್ಯವಾಗಿ ಆ ಮಾರ್ಪಾಟಿನ ಮೆಟ್ಟಿಲಿನಲ್ಲಿ. ಜಠರರಸದಲ್ಲಿ ಪಿತ್ತಾಮ್ಲ ಹೆಚ್ಚಿದ್ದವರಲ್ಲಿ ಆ ಮಾರ್ಪಾಟೂ ಹೆಚ್ಚೆಂದು 1993ರಲ್ಲಿ ಇಂಗ್ಲೆಂಡಿನ ವೈದ್ಯರು ವರದಿ ಮಾಡಿದರು. ಹಿಂದಕ್ಕೆ ಬಂದ ಪಿತ್ತದಲ್ಲಿ ಬಾಳಲೆಂದೇ ಜಠರ ಕರುಳಿನ ವೇಷ ತೊಡುತ್ತದೆಯೇನೋ ಎನಿಸುತ್ತದೆ.

ಈ ಚರಿತ್ರೆಯಲ್ಲಿ ಮನಸ್ಸನ್ನು ಕಲಕುವ ಸಂಗತಿಯೊಂದುಂಟು. ಜಠರವನ್ನು ಕತ್ತರಿಸಿ ತೆಗೆದ ಅನೇಕರ ಹುಣ್ಣಿಗೂ ಇದೇ ಕ್ರಿಮಿ ಕಾರಣವಾಗಿತ್ತು. ಇಂದು ಎರಡು ವಾರ ಗುಳಿಗೆ ನುಂಗಿದರೆ ಸಾಮಾನ್ಯವಾಗಿ ತೀರುವ ಕಾಯಿಲೆಗೆ ಅವರು ಅರ್ಧ ಹೊಟ್ಟೆಯನ್ನು ಬಿಟ್ಟುಕೊಟ್ಟು, ಪಿತ್ತಕ್ಕೆ ಬಾಗಿಲನ್ನೂ ತೆರೆದುಕೊಟ್ಟರು. ವೈದ್ಯರ ತಪ್ಪೆನ್ನಲಾಗದು, ತಿಳಿದಷ್ಟರಲ್ಲಿ ಅವರು ಒಳ್ಳೆಯದನ್ನೇ ಮಾಡಿದರು. ನಮಗೆ ಅದಕ್ಕಿಂತ ಹೆಚ್ಚು ತಿಳಿದಿದೆ. ಒಂದು ತೇಗಿಗೆ ಹೆದರಬೇಕಾಗಿಲ್ಲ, ಜೀರಿಗೆ ಕಷಾಯವೇ ಸಾಕು. ಆದರೆ ವಾರಗಟ್ಟಲೆ ಬಿಡದ ಹೊಟ್ಟೆನೋವು, ಕಾರಣವಿಲ್ಲದೆ ಇಳಿಯುವ ತೂಕ, ಕಪ್ಪಗಾದ ಮಲ, ಇವುಗಳನ್ನೂ ಪಿತ್ತದ ತಲೆಗೇ ಕಟ್ಟಿ ಸುಮ್ಮನೆ ಕೂಡಬಾರದು.