ಪಕ್ಕದ ಮನೆಯ ಹೆಪ್ಪು: ನಾರ್ವೆ ರೈತರ ಮನೆ ಬಿಯರಿನ ಕಥೆ

ಕಳೆದ ವಾರ ನಮ್ಮ ಮನೇಲಿ ಹೆಪ್ಪು ಕೆಟ್ಟುಹೋಯ್ತು. ಮದುವೆಗೆ ಅಂತ ಮೂರು ದಿನ ಊರು ಬಿಟ್ಟಿದ್ವಿ, ಬಂದು ನೋಡಿದ್ರೆ ಮೊಸರಿನ ಕುಡಿಕೆ ತುಂಬ ಬೂಷ್ಟು. ಮನೆಯವಳು ಒಂದು ಲೋಟ ಹಿಡಿದು ಪಕ್ಕದ ಮನೆಗೆ ಹೋಗಿ ಎರಡು ಚಮಚ ಹೆಪ್ಪು ತಂದಳು. ಮಾರನೇ ದಿನ ಎಂದಿನಂತೆ ಗಟ್ಟಿ ಮೊಸರು. ಇದು ಎಲ್ಲರ ಮನೇಲೂ ನಡೆಯೋದೇ. ಆದ್ರೆ ಆ ದಿನಗಳಲ್ಲಿ ನಾನು ಓದ್ತಾ ಇದ್ದದ್ದು ನಾರ್ವೆ ದೇಶದ ರೈತರು ಮನೆಯಲ್ಲಿ ಬಿಯರ್ ಮಾಡ್ತಿದ್ದ ಇತಿಹಾಸ. ಆ ಕಥೆಯೂ ಪೂರ್ತಿ ಹೆಪ್ಪಿನ ಕಥೆಯೇ. ಅದಕ್ಕೇ ಇವತ್ತು ಬರೀತಾ ಇದೀನಿ.

ಮೊದಲೇ ಒಂದು ಮಾತು. ನಮ್ಮ ರಾಜ್ಯದಲ್ಲಿ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಬಕಾರಿ ಕಾಯ್ದೆ ಪ್ರಕಾರ ಅಪರಾಧ, ಮನೆ ಬಳಕೆಗೆ ಅಂದ್ರೂ ಬಿಡೋದಿಲ್ಲ. ಇದನ್ನು ಓದಿ ಯಾರೂ ಬಿಂದಿಗೆ ಇಟ್ಟುಕೊಂಡು ಕೂರಬೇಡಿ. ಕುಡಿತದಿಂದ ಹಾಳಾದ ಮನೆಗಳು ನಮ್ಮೂರಲ್ಲೂ ಇವೆ, ಅದನ್ನು ಮರೆತು ಬರೀತಾ ಇಲ್ಲ. ನನಗೆ ಬೇಕಾಗಿರೋದು ಇದರಲ್ಲಿರುವ ಬೇಸಾಯದ ಪಾಠ.

ಬಿಯರ್ ಅಂದ್ರೆ ಕಾರ್ಖಾನೆ, ಬಾಟಲಿ ಅಂತ ನಮ್ಮ ತಲೇಲಿ ಕೂತಿದೆ. ಯೂರೋಪಿನ ಉತ್ತರದ ಹಳ್ಳಿಗಳಲ್ಲಿ ಅದು ನೂರಾರು ವರ್ಷ ರೈತನ ಮನೆಯ ಅಡುಗೆ ಕೆಲಸವಾಗಿತ್ತು. ತನ್ನ ಹೊಲದ ಬಾರ್ಲಿ, ತನ್ನ ಹಳ್ಳದ ನೀರು, ತನ್ನ ಕಾಡಿನ ಸೌದೆ. ಹಲವು ಕಡೆ ಇದು ಹೆಂಗಸರದೇ ಕೆಲಸ.

ನಾರ್ವೆಯ ಪಶ್ಚಿಮ ಭಾಗದಲ್ಲಿ ಗುಲಾಟಿಂಗ್ ಅಂತ ಹಳೇ ಕಾನೂನು ಒಂದಿತ್ತು. 13ನೇ ಶತಮಾನದ ಹಸ್ತಪ್ರತಿಯಲ್ಲಿ ಅದು ಉಳಿದುಬಂದಿದೆ. ಅದರ ಪ್ರಕಾರ ಕ್ರಿಸ್‌ಮಸ್ ಹಬ್ಬಕ್ಕೆ ರೈತ ಬಿಯರ್ ಮಾಡಲೇಬೇಕು. ಒಳ್ಳೇ ಬೆಳೆ ಆಗಲಿ, ಊರು ನೆಮ್ಮದಿಯಾಗಿರಲಿ ಅಂತ ಕೇಳಿಕೊಂಡು ಕುಡಿಯುವ ಬಿಯರ್ ಅದು. ಮಾಡದಿದ್ದರೆ ಬಿಷಪ್ಪರಿಗೆ ದಂಡ. ಮೂರು ವರ್ಷ ಸತತವಾಗಿ ತಪ್ಪಿಸಿದರೆ ಆಸ್ತಿಯೇ ಹೋಗುತ್ತಿತ್ತು, ಅರ್ಧ ರಾಜನಿಗೆ, ಅರ್ಧ ಬಿಷಪ್ಪರಿಗೆ. ನಮ್ಮಲ್ಲಿ ಮಾಡಿದರೆ ಕೇಸು, ಅಲ್ಲಿ ಮಾಡದಿದ್ದರೆ ಕೇಸು! ತಮಾಷೆ ಪಕ್ಕಕ್ಕಿಡಿ, ಇದರಿಂದ ಒಂದು ವಿಷಯ ಗೊತ್ತಾಗುತ್ತೆ. ಬಿಯರ್ ಮಾಡಲು ಬರದ ರೈತನ ಮನೆ ಅನ್ನೋದೇ ಅಲ್ಲಿ ಇರಲಿಲ್ಲ.

ಈಗ ಮಾಡೋ ಕ್ರಮ. ಕೇಳಿದ್ರೆ ನಿಮಗೆ ಅರ್ಧ ಗೊತ್ತಿರೋದೇ ಅನ್ನಿಸುತ್ತೆ.

ಬಾರ್ಲಿಯನ್ನು ಗೋಣಿಚೀಲದಲ್ಲಿ ತುಂಬಿ ಎರಡು ಮೂರು ದಿನ ಹಳ್ಳದಲ್ಲಿ ಮುಳುಗಿಸಿ ಇಡ್ತಿದ್ರು. ಆಮೇಲೆ ತೆಗೆದು ಹರಡಿ, ಮೇಲೆ ಮುಚ್ಚಿ, ಆಗಾಗ ಕೈಯಾಡಿಸ್ತಾ ಮೊಳಕೆ ಬರಿಸೋದು. ಮೊಳಕೆ ಹದಕ್ಕೆ ಬಂದ ಮೇಲೆ ಒಣಗಿಸೋದು. ನಮ್ಮ ಮನೆಗಳಲ್ಲಿ ಕೂಸಿಗೆ ಅಂತ ರಾಗಿ ನೆನೆಸಿ, ಬಟ್ಟೇಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಬೀಸೋದಿಲ್ವಾ, ಅದೇ ಕೆಲಸ. ಅದನ್ನು ನಾವು 'ರಾಗಿ ಮಾಲ್ಟ್' ಅಂತೀವಲ್ಲ, ಆ ಮಾಲ್ಟ್ ಅನ್ನೋ ಪದ ಇದೇ ಬಿಯರಿನ ಕೆಲಸದ್ದು. ಸಾದಾ ರಾಗಿ ಹಿಟ್ಟಿನ ಗಂಜಿಗಿಂತ ಮೊಳಕೆ ರಾಗಿಯ ಗಂಜಿ ತೆಳ್ಳಗೆ, ಸ್ವಲ್ಪ ಸಿಹಿಯಾಗಿ ಇರುತ್ತೆ, ಗಮನಿಸಿರ್ತೀರಿ. ಮೊಳಕೆ ಬರುವಾಗ ಕಾಳಿನೊಳಗೆ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತವೆ. ಬಿಯರಿಗೆ ಬೇಕಾಗಿರೋದು ಆ ಸಕ್ಕರೆಯೇ.

ಒಣಗಿಸೋದರಲ್ಲಿ ಊರಿಗೊಂದು ಪದ್ಧತಿ. ಸ್ಟ್ಯೋರ್ದಾಲ್ ಅನ್ನೋ ಕಡೆ ಇವತ್ತಿಗೂ ರೈತರು ಮಾಲ್ಟ್ ತಾವೇ ಮಾಡಿಕೊಳ್ತಾರೆ. ಅದಕ್ಕಂತಲೇ ಪುಟ್ಟ ಮನೆ ಇರುತ್ತೆ, ಕೆಳಗೆ ಆಲ್ಡರ್ ಮರದ ಸೌದೆ ಉರಿ, ಮೇಲೆ ತೂತಿನ ಹಲಗೆ, ಅದರ ಮೇಲೆ ಮೊಳಕೆ ಕಾಳು. ಹೊಗೆಯೆಲ್ಲ ಕಾಳಿಗೆ ಹಿಡಿದು ಬಿಯರಿಗೂ ಹೊಗೆಯ ಘಮ ಬರುತ್ತೆ.

ಆ ಮಾಲ್ಟನ್ನು ಒಡೆದು ಬಿಸಿನೀರಿನಲ್ಲಿ ಸುಮಾರು 65-70 ಡಿಗ್ರಿ ಶಾಖದಲ್ಲಿ ನೆನೆಸಿಡಬೇಕು. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಕೈ ಅಂದಾಜು, ಕಣ್ಣಂದಾಜು. ಬರೀ ನೀರಲ್ಲ, ಜುನಿಪರ್ ಅನ್ನೋ ಮುಳ್ಳೆಲೆಯ ಪೊದೆಯ ಕೊಂಬೆ ಹಾಕಿ ಕಾಯಿಸಿದ ನೀರು. ಸಿಹಿ ರಸ ಸೋಸೋಕೂ ಪಾತ್ರೆಯ ತಳದಲ್ಲಿ ಅದೇ ಕೊಂಬೆ. ವೋಸ್ ಅನ್ನೋ ಊರಿನ ಕಡೆ ಆ ರಸವನ್ನು ಗಂಟೆಗಟ್ಟಲೆ ಕುದಿಸ್ತಾರೆ. ಹೊರ್ನಿಂದಾಲ್ ಕಡೆ ಕುದಿಸೋದೇ ಇಲ್ಲ.

ಇಲ್ಲಿಗೆ ಸಿಗೋದು ಸಿಹಿ ಪಾನಕ ಅಷ್ಟೇ. ಅದು ಬಿಯರ್ ಆಗೋಕೆ ಹೆಪ್ಪು ಬೇಕು. ಅದೇ ಯೀಸ್ಟ್. ಈಚಲು, ತೆಂಗಿನ ಹೆಂಡಕ್ಕೆ ನಾವು ಬೇರೆ ಹೆಪ್ಪು ಹಾಕೋದಿಲ್ಲ. ಯೀಸ್ಟು ಗಾಳಿಯಲ್ಲಿ, ಹೊಂಬಾಳೆಯ ಮೇಲೆ, ದಿನಾ ಕಟ್ಟುವ ಮಡಕೆಯ ಮೈಯಲ್ಲೇ ಇರುತ್ತೆ. ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಸನ್ನಾ ಉಬ್ಬಿಸೋಕೆ ಇದೇ ಹೆಂಡ ಹಾಕ್ತಿದ್ರು. ಆದ್ರೆ ಬಾರ್ಲಿ ರಸವನ್ನು ಹಾಗೆ ಗಾಳಿಗೆ ಬಿಟ್ಟರೆ ಎಷ್ಟೋ ಸಲ ಹುಳಿಯಾಗಿ ಕೆಡುತ್ತೆ. ಒಳ್ಳೇ ಹೆಪ್ಪನ್ನು ಜೋಪಾನ ಮಾಡಿ, ಒಂದು ಸಲದಿಂದ ಇನ್ನೊಂದು ಸಲಕ್ಕೆ ಎತ್ತಿಡಬೇಕು.

ಮಜಾ ಏನಂದ್ರೆ ಈ ಹೆಪ್ಪು ಏನು ಅನ್ನೋದೇ ಆಗ ಯಾರಿಗೂ ಗೊತ್ತಿರಲಿಲ್ಲ. ಜರ್ಮನಿಯ ಬವೇರಿಯಾದಲ್ಲಿ 1516ರಲ್ಲಿ ಬಂದ ಪ್ರಸಿದ್ಧ ಬಿಯರ್ ಕಾನೂನಿನಲ್ಲಿ ಬಾರ್ಲಿ, ಹಾಪ್ಸ್, ನೀರು ಇಷ್ಟರ ಹೆಸರೇ ಇದೆ, ಯೀಸ್ಟಿನ ಹೆಸರಿಲ್ಲ. ಹೆಸರು ಗೊತ್ತಿಲ್ಲದಿದ್ರೂ ರೈತರಿಗೆ ಕೆಲಸ ಗೊತ್ತಿತ್ತು. ಪಶ್ಚಿಮ ನಾರ್ವೆಯಲ್ಲಿ ಇದಕ್ಕೆ 'ಕ್ವೈಕ್' ಅಂತಾರೆ. ಬೆಂಕಿ ಹೊತ್ತಿಸು, ಜೀವ ಬರಿಸು ಅನ್ನೋ ಅರ್ಥದ ಹಳೇ ಮಾತಿನಿಂದ ಬಂದದ್ದು. ಬೆಂಕಿಪೊಟ್ಟಣಕ್ಕೆ ಕಾಸಿಲ್ಲದ ಕಾಲದಲ್ಲಿ ನಮ್ಮಜ್ಜಿ ಪಕ್ಕದ ಮನೆ ಒಲೆಯಿಂದ ಕೆಂಡ ತರ್ತಿದ್ದದ್ದು ನನಗೆ ನೆನಪಾಯ್ತು.

ಫ್ರಿಜ್ ಇಲ್ಲದ ಕಾಲದಲ್ಲಿ ಅದನ್ನು ಇಡ್ತಿದ್ದದ್ದು ಹೇಗೆ? ಸಣ್ಣ ಸಣ್ಣ ಮರದ ತುಂಡುಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಬಳೆಯ ಹಾಗೆ ಮಾಡೋರು. ಇದಕ್ಕೆ ಹೆಪ್ಪಿನ ಬಳೆ ಅನ್ನಬಹುದು. ಬಿಯರ್ ಹುದುಗಿದ ಮೇಲೆ ಅದರ ಗಷ್ಟಿನಲ್ಲೋ ನೊರೆಯಲ್ಲೋ ಈ ಬಳೆಯನ್ನು ಅದ್ದಿ, ಒಣಗಲು ನೇತುಹಾಕೋರು. ಸಂದುಸಂದಿನಲ್ಲಿ ಕೂತ ಹೆಪ್ಪು ಒಣಗಿ, ಒಂದು ವರ್ಷಕ್ಕೂ ಮೀರಿ ಜೀವ ಹಿಡಿದುಕೊಂಡಿರುತ್ತೆ. ಮುಂದಿನ ಸಲ ಆ ಬಳೆಯನ್ನೇ ಸಿಹಿ ರಸಕ್ಕೆ ಇಳಿಸಿದರೆ ಆಯ್ತು. ಕೆಲವರು ತೂತು ಕೊರೆದ ಮರದ ತುಂಡು ಬಳಸೋರು, ಕೆಲವರು ಬಟ್ಟೆ, ಕೆಲವರು ಹುಲ್ಲಿನ ಸಿಂಬಿ. ವೋಸ್ ಕಡೆ ತಳದ ಗಷ್ಟು ಎತ್ತಿಡೋದು, ಹೊರ್ನಿಂದಾಲ್ ಕಡೆ ಮೇಲಿನ ನೊರೆ. ಹೆಪ್ಪು ಹಾಕುವಾಗ ಪಾತ್ರೆಗೆ ಬಾಯಿಟ್ಟು ಜೋರಾಗಿ ಕೂಗು ಹಾಕುವ ಪದ್ಧತಿಯೂ ಕೆಲವು ಕಡೆ ಇತ್ತಂತೆ, ದೆವ್ವ ಭೂತ ಹತ್ತಿರ ಬರದಿರಲಿ ಅಂತ.

ಹೊಸದಾಗಿ ಬಿಯರ್ ಮಾಡಲು ಶುರು ಮಾಡುವವನು ಹೆಪ್ಪನ್ನು ಅಂಗಡಿಯಿಂದ ತರ್ತಿರಲಿಲ್ಲ. ಅಪ್ಪ ಅಮ್ಮನ ಹತ್ತಿರ, ಇಲ್ಲ ಪಕ್ಕದ ಮನೆಯವರ ಹತ್ತಿರ ಕೇಳಿ ತರ್ತಿದ್ದ. ಹೆಪ್ಪು ಕೆಟ್ಟವನದ್ದೂ ಅದೇ ದಾರಿ. ಇದರಿಂದ ಕೊಡುವವನಿಗೂ ಲಾಭ. ಇವತ್ತು ನಾನು ನಿನಗೆ ಕೊಟ್ಟರೆ, ನಾಳೆ ನನ್ನದು ಸತ್ತಾಗ ನಿನ್ನ ಮನೆಯಲ್ಲಿ ನನ್ನದೇ ಹೆಪ್ಪು ಇರುತ್ತೆ. ಹುದುಗಿದ ಹೊಸ ಬಿಯರನ್ನು ಬೇರೆ ಪಾತ್ರೆಗೆ ತುಂಬುವ ದಿನ ನೆರೆಹೊರೆಯವರನ್ನು ಕರೆದು ರುಚಿ ನೋಡಿಸೋ ವಾಡಿಕೆಯೂ ಇತ್ತು. ಯಾರ ಹೆಪ್ಪು ಚೆನ್ನಾಗಿದೆ ಅನ್ನೋದು ಅಲ್ಲೇ ಊರಿಗೆಲ್ಲ ಗೊತ್ತಾಗ್ತಿತ್ತು.

ಆಮೇಲೆ ವಿಜ್ಞಾನ ಬಂತು. ಲೂಯಿ ಪಾಶ್ಚರ್ 1876ರಲ್ಲಿ ಬಿಯರಿನ ಮೇಲೆ ಪುಸ್ತಕವನ್ನೇ ಬರೆದ. 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಒಂದೇ ಯೀಸ್ಟ್ ಕಣವನ್ನು ಬೇರ್ಪಡಿಸಿ, ಅದರಿಂದ ಶುದ್ಧ ತಳಿ ಬೆಳೆಸಿ ತೋರಿಸಿದ. ಬಿಯರ್ ಕೆಡೋದು ತಪ್ಪಿತು. ಆ ಕಂಪನಿ ತಳಿಯನ್ನು ಗುಟ್ಟಾಗಿ ಇಟ್ಟುಕೊಳ್ಳದೆ ಬೇರೆ ಕಾರ್ಖಾನೆಗಳಿಗೂ ಪುಕ್ಕಟೆ ಕೊಟ್ಟಿತು, ಅದನ್ನು ಮೆಚ್ಚಬೇಕು. ಇದೊಂದು ದೊಡ್ಡ ಸಾಧನೆಯೇ. ಆದ್ರೆ ಅಲ್ಲಿಂದ ಮುಂದೆ ಕಾರ್ಖಾನೆಗಳೆಲ್ಲ ಇಂಥ ಒಂದೊಂದು ಶುದ್ಧ ತಳಿಯ ಕಡೆ ತಿರುಗಿದವು.

ಹಳ್ಳಿಯಲ್ಲಿ ಆದದ್ದೇ ಬೇರೆ. ಅಂಗಡಿಗೆ ಬ್ರೆಡ್ಡಿನ ಯೀಸ್ಟ್ ಬಂತು. ಅಗ್ಗ, ಯಾವಾಗ ಬೇಕಾದ್ರೂ ಸಿಗುತ್ತೆ. ಬಳೆ ಒಣಗಿಸೋದು, ಜೋಪಾನ ಮಾಡೋದು ಯಾರಿಗೆ ಬೇಕು? ಯಾರೂ ಬೇಕಂತ ಹೆಪ್ಪು ಎಸೆಯಲಿಲ್ಲ. ಒಂದು ವರ್ಷ ಕೆಟ್ಟಿತು, ಪಕ್ಕದ ಮನೆಯಲ್ಲಿ ಕೇಳೋಣ ಅಂದ್ರೆ ಅವರೂ ಅಂಗಡಿಯದ್ದೇ ಬಳಸ್ತಾ ಇದ್ದಾರೆ. ಅಲ್ಲಿಗೆ ಮುಗೀತು. ಮೇಲೆ ಹೇಳಿದ ಸ್ಟ್ಯೋರ್ದಾಲಿನಲ್ಲಿ ಇವತ್ತಿಗೂ ಮಾಲ್ಟ್ ಸ್ವಂತದ್ದು, ಆದ್ರೆ ಹೆಪ್ಪು ಬಹುತೇಕರದ್ದು ಬ್ರೆಡ್ಡಿನದು. ಅಷ್ಟು ಕಷ್ಟಪಟ್ಟು ಕಾಳನ್ನು ಉಳಿಸಿಕೊಂಡವರ ಕೈಯಿಂದಲೂ ಹೆಪ್ಪು ಜಾರಿಹೋಯ್ತು.

1950ರ ದಶಕದಲ್ಲಿ ನಾರ್ವೆಯ ಜನಪದ ಸಂಶೋಧಕರು ಹಳ್ಳಿ ಹಳ್ಳಿಗೆ ಪ್ರಶ್ನೆಪಟ್ಟಿ ಕಳಿಸಿ, ಬಿಯರ್ ಹೇಗೆ ಮಾಡ್ತೀರಿ, ಹೆಪ್ಪು ಹೇಗೆ ಇಡ್ತೀರಿ ಅಂತ ಕೇಳಿ ಬರೆಸಿಕೊಂಡರು. ಅದನ್ನು ಇಟ್ಟುಕೊಂಡು ಓಡ್ ನೂರ್‌ಲಾಂಡ್ 1969ರಲ್ಲಿ ಪುಸ್ತಕ ತಂದರು. ಹೆಚ್ಚಿನವರು ಇದು ಮುಗಿದ ಕಥೆ ಅಂದುಕೊಂಡಿದ್ರು. ಆದ್ರೆ ವೋಸ್, ಹೊರ್ನಿಂದಾಲಿನಂಥ ಕಣಿವೆಗಳಲ್ಲಿ ಕೆಲವೇ ಮನೆಯವರು ಹಳೇ ಹೆಪ್ಪನ್ನು ಬಿಟ್ಟಿರಲಿಲ್ಲ. ಲಾರ್ಸ್ ಮಾರಿಯುಸ್ ಗಾರ್ಶೋಲ್ ಅನ್ನೋರು ಈ ಶತಮಾನದಲ್ಲಿ ಊರೂರು ಸುತ್ತಿ ಅಂಥವರನ್ನು ಹುಡುಕಿ ಬರೆದರು, ಹೆಪ್ಪಿನ ಮಾದರಿಗಳು ಪ್ರಯೋಗಾಲಯಕ್ಕೆ ಹೋದವು. ಇದು ಬೇರೆ ಬಿಯರ್ ಯೀಸ್ಟುಗಳಿಗಿಂತ ಬೇರೆಯದೇ ಗುಂಪು, ಮನುಷ್ಯ ಸಾಕಿ ಪಳಗಿಸಿದ್ದು ಅಂತ 2018ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು.

ಅದರ ಗುಣ ನೋಡಿ. ಸಾಮಾನ್ಯ ಏಲ್ ಬಿಯರಿನ ಯೀಸ್ಟಿಗೆ 20 ಡಿಗ್ರಿ ಆಸುಪಾಸಿನ ತಂಪು ಬೇಕು, ಬಿಸಿ ಹೆಚ್ಚಾದರೆ ರುಚಿ ಕೆಡುತ್ತೆ. ವೋಸ್ ಕಡೆಯ ಕ್ವೈಕನ್ನು ರಸ ಇನ್ನೂ 39-40 ಡಿಗ್ರಿ ಬೆಚ್ಚಗಿರುವಾಗಲೇ ಹಾಕ್ತಾರೆ, ಎರಡು ಮೂರು ದಿನದಲ್ಲಿ ಹುದುಗಿ ಮುಗಿಯುತ್ತೆ, ರುಚಿಯೂ ಚೆನ್ನ. ಅಷ್ಟು ಚಳಿಯ ದೇಶದಲ್ಲಿ ಇಷ್ಟು ಬಿಸಿ ತಾಳುವ ಹೆಪ್ಪು! ಆ ರೈತರು ಹೆಪ್ಪನ್ನು ಬಿಸಿಯಲ್ಲೇ ಹಾಕೋರು, ಒಣಗಿಸಿಯೇ ಇಡೋರು. ಬಿಸಿಯನ್ನೂ ಒಣಗಿಸೋದನ್ನೂ ತಾಳಿದ್ದು ಉಳೀತು, ತಾಳದ್ದು ಹೋಯ್ತು. ರುಚಿ ಚೆನ್ನಾಗಿದ್ದದ್ದನ್ನು ಮಾತ್ರ ಎತ್ತಿಟ್ಟರು. ನಾವು ಹೊಲದಲ್ಲಿ ಒಳ್ಳೇ ತೆನೆ ಆರಿಸಿ ಬಿತ್ತನೆಗೆ ಇಡೋದೂ ಇದೇ ತಾನೇ?

ಇವತ್ತು ಆ ಹೆಪ್ಪು ಪ್ಯಾಕೆಟ್ಟಿನಲ್ಲಿ ಬರುತ್ತೆ. ಹಲವು ದೇಶಗಳಲ್ಲಿ ಮನೆಯಲ್ಲಿ ಬಿಯರ್ ಮಾಡಲು ಹೊಸದಾಗಿ ಶುರು ಮಾಡುವವರು ತಂಪು ಮಾಡುವ ರಗಳೆ ಇಲ್ಲ ಅಂತ ಅದನ್ನೇ ಕೊಳ್ತಾರೆ. ಒಂದು ವ್ಯತ್ಯಾಸ ಇದೆ. ರೈತನ ಬಳೆಯಲ್ಲಿದ್ದದ್ದು ಹಲವು ತಳಿಗಳ ಬೆರಕೆ, ಪ್ಯಾಕೆಟ್ಟಿನಲ್ಲಿ ಸಾಮಾನ್ಯವಾಗಿ ಬರೋದು ಅದರಲ್ಲಿ ಆರಿಸಿದ ಒಂದು ತಳಿ. ಪೂರ್ತಿ ಹೆಪ್ಪು ಇರೋದು ಇವತ್ತಿಗೂ ಅದನ್ನು ಬಿಡದವರ ಹತ್ತಿರವೇ.

ನಮ್ಮ ರಾಗಿಗೂ ಇಂಥದ್ದೇ ಒಂದು ಕಥೆ ಇದೆ. ಸಿಕ್ಕಿಂ, ಡಾರ್ಜಿಲಿಂಗ್, ನೇಪಾಳದ ಬೆಟ್ಟಗಳಲ್ಲಿ ರಾಗಿಯಿಂದಲೇ ಮನೆಯಲ್ಲಿ ಬಿಯರ್ ಮಾಡ್ತಾರೆ. ಬೇಯಿಸಿದ ರಾಗಿಗೆ ಮರ್ಚಾ ಅನ್ನೋ ಹೆಪ್ಪಿನ ಬಿಲ್ಲೆ ಪುಡಿ ಮಾಡಿ ಹಾಕಿ ಹುದುಗಿಸೋದು. ಆಮೇಲೆ ಆ ರಾಗಿಯನ್ನು ತೋಂಗ್ಬಾ ಅನ್ನೋ ಪಾತ್ರೆಗೆ ತುಂಬಿ, ಬಿಸಿನೀರು ಹೊಯ್ದು, ಬಿದಿರಿನ ಕೊಳವೆಯಲ್ಲಿ ಹೀರೋದು. ಹೊಸ ಮರ್ಚಾ ತಟ್ಟುವಾಗ ಅದಕ್ಕೆ ಹಳೇ ಮರ್ಚಾದ ಪುಡಿ ಸೇರಿಸಲೇಬೇಕು. ಅಲ್ಲೂ ಹಳೆಯದಿಲ್ಲದೆ ಹೊಸದಿಲ್ಲ. ರಾಗಿಯ ಮೂಲ ಊರಾದ ಪೂರ್ವ ಆಫ್ರಿಕಾದಲ್ಲೂ ಅದರಿಂದ ಬಿಯರ್ ಮಾಡ್ತಾರೆ. ನಾವು ಮುದ್ದೆ ಕಟ್ಟಿದೆವು, ಅವರು ಮಡಕೆ ತುಂಬಿದರು.

ಈಗ ನನ್ನದೇ ತಪ್ಪು ಹೇಳ್ತೀನಿ. ನಮ್ಮಪ್ಪ ಉಂಡೆ ರಾಗಿ ಬಿತ್ತನೆಯನ್ನು ಬೂದಿ ಹಾಕಿ ಗಡಿಗೇಲಿ ಇಡ್ತಿದ್ರು. ನಾನು ಬೇಸಾಯಕ್ಕೆ ಇಳಿದ ಮೇಲೆ ಹೊಸ ತಳಿಗೆ ಬದಲಾದೆ. ಅದನ್ನು ತಪ್ಪು ಅನ್ನಲ್ಲ. ಹೊಸ ತಳಿಗಳಿಂದ ಇಳುವರಿ ಬಂತು, ಬೆಂಕಿ ರೋಗಕ್ಕೆ ತಡೆ ಬಂತು. ರಾಗಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿ ಸೇರಿಸಿ ಇಂಡಾಫ್ ತಳಿಗಳನ್ನು ಮಾಡದಿದ್ದರೆ ನಮ್ಮ ಕಡೆ ಎಷ್ಟೋ ಮನೆಯ ಹಗೇವು ತುಂಬ್ತಾ ಇರಲಿಲ್ಲ. ಆದ್ರೆ ಅವರಿಗೂ ಬೆರೆಸೋಕೆ ಹಳೆಯದೊಂದು ಬೇಕಿತ್ತಲ್ಲ. ನನ್ನ ತಪ್ಪು ಇಷ್ಟೇ, ಗಡಿಗೆಯಲ್ಲಿ ಉಳಿದಿದ್ದನ್ನು 'ಬೇಕಾದ್ರೆ ಯಾರ ಹತ್ತಿರಾನಾದ್ರೂ ಸಿಗುತ್ತೆ' ಅಂತ ಮಿಲ್ಲಿಗೆ ಹಾಕಿಸಿ ಮುದ್ದೆ ಮಾಡಿ ತಿಂದ್ವಿ. ಎರಡು ವರ್ಷದ ಹಿಂದೆ ಸಾಲು ಎರಡಾದ್ರೂ ಹಾಕೋಣ ಅಂತ ಊರೆಲ್ಲ ಕೇಳಿದೆ. ಎಲ್ಲರೂ ನನ್ನ ಹಾಗೇ ಅಂದುಕೊಂಡಿದ್ರು.

ಅದಕ್ಕೇ ಕೇಳ್ತೀನಿ. ಸುತ್ತಮುತ್ತ ಯಾರ ಅಟ್ಟದ ಮೇಲಾದ್ರೂ, ಯಾರ ಅಜ್ಜಿಯ ಗಡಿಗೇಲಾದ್ರೂ ಉಂಡೆ ರಾಗಿ ಇದ್ರೆ ಹೇಳಿ, ಒಂದು ಪಾವು ಸಾಕು. ಬೆಳೆದ ಮೇಲೆ ಒಂದು ಸೇರು ವಾಪಸ್ ಕೊಡ್ತೀನಿ, ಇನ್ನೂ ನಾಲ್ಕು ಮನೆಗೆ ಹಂಚ್ತೀನಿ. ಮುಂದೆ ನನ್ನದು ಹುಳ ಹಿಡಿದ್ರೆ ಕೇಳೋಕೆ ಒಂದು ಮನೆ ಇರಬೇಕು.