ಆರು ಅಕ್ಷರದ ಹಣೆಬರಹ

ಆಟೋಕ್ಯಾಡ್‌ನಲ್ಲಿ ಬರೆದ ಕಟ್ಟಡದ ನಕ್ಷೆಯೊಂದನ್ನು, ಅಂದರೆ ಡಿಡಬ್ಲ್ಯೂಜಿ ಫೈಲನ್ನು, ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಬಹುಪಾಲು ಅರ್ಥವಿಲ್ಲದ ಗೀಚು. ಆದರೆ ಮೊದಲ ಆರು ಅಕ್ಷರಗಳನ್ನು ಓದಬಹುದು: ಎಸಿ1009, ಎಸಿ1014, ಎಸಿ1032, ಹೀಗೆ. ಆ ಫೈಲನ್ನು ಯಾವ ಕಾಲದ ಆವೃತ್ತಿಯ ರೂಪದಲ್ಲಿ ಉಳಿಸಲಾಯಿತು ಎಂಬುದು ಅಲ್ಲಿ ಬರೆದಿರುತ್ತದೆ. ಹಳೆಯ ಫೈಲನ್ನು ಹೊಸ ಆವೃತ್ತಿ ಓದುತ್ತದೆ. ಹೊಸ ರೂಪದ ಫೈಲನ್ನು ಹಳೆಯ ಆವೃತ್ತಿ ಓದುವುದಿಲ್ಲ. ವಾಸ್ತುಶಿಲ್ಪಿಗಳ ಕಚೇರಿಗಳು ಹೊಸ ತಂತ್ರಾಂಶಕ್ಕೆ ಹೋದ ಚರಿತ್ರೆಯನ್ನು ಈ ಏಕಮುಖ ರಸ್ತೆಯ ಚರಿತ್ರೆಯೆಂದೇ ನಾನು ಓದುತ್ತೇನೆ.

ಆಟೋಕ್ಯಾಡ್ ಮಾರುಕಟ್ಟೆಗೆ ಬಂದದ್ದು 1982ರ ಕೊನೆಯಲ್ಲಿ. ಹತ್ತು ವರ್ಷದ ನಂತರ, 1992ರಲ್ಲಿ ಬಂದ 'ರಿಲೀಸ್ 12' ಡಾಸ್ ಕಾಲದ ಕಚೇರಿಗಳಿಗೆ ಹೇಳಿ ಮಾಡಿಸಿದಂತಿತ್ತು. 1986ರಿಂದಲೇ ಅದರೊಳಗೆ ಆಟೋಲಿಸ್ಪ್ ಎಂಬ ಪುಟ್ಟ ಭಾಷೆಯಿತ್ತು. ಬಾಗಿಲು, ಕಿಟಕಿ, ಮೆಟ್ಟಿಲು ಬರೆಯಲು ಕಚೇರಿಗಳು ತಮ್ಮದೇ ಸಣ್ಣ ಪ್ರೋಗ್ರಾಂಗಳನ್ನು ಅದರಲ್ಲಿ ಕಟ್ಟಿಕೊಂಡವು. ಡ್ರಾಫ್ಟ್ಸ್‌ಮನ್‌ಗಳ ಎಡಗೈ ಕೀಲಿಮಣೆಯ ಮೇಲೆ ಕಣ್ಣು ಮುಚ್ಚಿ ಓಡುತ್ತಿತ್ತು. ತಂತ್ರಾಂಶ ಅನ್ನುವುದಕ್ಕಿಂತ ಅದೊಂದು ಮನೆಯ ಅಡುಗೆಯ ಕೈರುಚಿಯಂತೆ ಆಗಿತ್ತು.

1994ರ ಕೊನೆಗೆ 'ರಿಲೀಸ್ 13' ಬಂತು. ನಿಧಾನ, ದೋಷಗಳೋ ಹೇರಳ. ಸರಿಪಡಿಸಿದ ಕಂತುಗಳು ಒಂದರ ಹಿಂದೊಂದು ಬಂದವು. ಅನೇಕ ಕಚೇರಿಗಳು ಅದನ್ನು ಮುಟ್ಟದೆ 12ರಲ್ಲೇ ಕೂತವು. ಅದನ್ನು ಸೋಮಾರಿತನ ಎನ್ನಲು ನನಗೆ ಮನಸ್ಸಿಲ್ಲ. ನಾಳೆ ಮುಗಿಸಿ ಕೊಡಬೇಕಾದ ನಕ್ಷೆ ಇರುವವರು ಪರೀಕ್ಷೆಗೆ ಒಡ್ಡಿಕೊಳ್ಳುವುದಿಲ್ಲ.

1997ರ 'ರಿಲೀಸ್ 14' ಚೆನ್ನಾಗಿತ್ತು, ವೇಗವಾಗಿತ್ತು. ಆದರೆ ಅದು ವಿಂಡೋಸ್‌ಗೆ ಮಾತ್ರ. 12ರಲ್ಲಿ ಕೂತವರು ಎರಡು ಆವೃತ್ತಿಗಳನ್ನೂ ಒಂದು ಇಡೀ ಕಾರ್ಯವ್ಯವಸ್ಥೆಯನ್ನೂ ಒಂದೇ ಜಿಗಿತಕ್ಕೆ ದಾಟಬೇಕಾಯಿತು. ಹೆಚ್ಚು ಮೆಮೊರಿಯ ಕಂಪ್ಯೂಟರ್ ಬೇಕು, ಪ್ಲಾಟರನ್ನು ಮತ್ತೆ ಹೊಂದಿಸಬೇಕು, ಡಾಸ್‌ಗೆಂದು ಸಿ ಭಾಷೆಯಲ್ಲಿ ಬರೆಸಿದ್ದ ಪ್ರೋಗ್ರಾಂಗಳನ್ನು ಹೊಸದಾಗಿ ಕಟ್ಟಬೇಕು. ಲಿಸ್ಪ್ ಪ್ರೋಗ್ರಾಂಗಳು ಬಹುಮಟ್ಟಿಗೆ ಬದುಕಿದವು. ಗೆರೆಗೆ ಎಲ್, ವೃತ್ತಕ್ಕೆ ಸಿ ಎಂಬ ಕೀಲಿಗಳೂ ಉಳಿದವು, ಇವತ್ತಿಗೂ ಇವೆ.

ಕೊನೆಗೆ ಕಚೇರಿಗಳನ್ನು ಎಬ್ಬಿಸಿದ್ದು ವೇಗವೊಂದೇ ಅಲ್ಲ, ಪಕ್ಕದವರು. ಸ್ಟ್ರಕ್ಚರಲ್ ಎಂಜಿನಿಯರ್ ಹೊಸ ರೂಪದಲ್ಲಿ ಫೈಲು ಕಳಿಸಿದರೆ ನೀವು ತೆರೆಯುವುದೆಲ್ಲಿ? ಹಳೆಯ ರೂಪದಲ್ಲಿ ಉಳಿಸಿ ಕೊಡಿ ಎಂದು ಕೇಳಬಹುದಿತ್ತು. ಹಾಗೆ ಹಿಂದಕ್ಕೆ ಉಳಿಸಿದಾಗ ನಿಜವಾದ ದೀರ್ಘವೃತ್ತಗಳು, ನುಣುಪಾದ ವಕ್ರರೇಖೆಗಳು ತುಂಡುಗಳ ಸರಪಳಿಯಾಗುತ್ತಿದ್ದವು. ಒಬ್ಬರು ಜಿಗಿದರೆ ಉಳಿದವರೂ ಜಿಗಿಯಲೇಬೇಕು ಎಂಬ ಈ ಕಟ್ಟು ಮುಂದೆ ರೆವಿಟ್‌ನಲ್ಲಿ ಇನ್ನೂ ಬಿಗಿಯಾಯಿತು: ಅಲ್ಲಿ ಹಿಂದಿನ ಆವೃತ್ತಿಗೆ ಉಳಿಸುವ ದಾರಿಯೇ ಇಲ್ಲ.

ಈ ಕಟ್ಟನ್ನು ಸಡಿಲಿಸಲು 1998ರಲ್ಲಿ ಓಪನ್‌ಡಿಡಬ್ಲ್ಯೂಜಿ ಅಲಯನ್ಸ್ ಹುಟ್ಟಿತು. ಬೇರೆ ತಂತ್ರಾಂಶಗಳೂ ಆ ಫೈಲನ್ನು ಓದಲಿ, ಬರೆಯಲಿ ಎಂಬುದು ಅದರ ಉದ್ದೇಶ. ಇತ್ತ ಆಟೋಡೆಸ್ಕ್ 2016ರಲ್ಲಿ ಶಾಶ್ವತ ಪರವಾನಗಿಗಳ ಮಾರಾಟವನ್ನೇ ನಿಲ್ಲಿಸಿ ಬಾಡಿಗೆ ಪದ್ಧತಿಗೆ ಬಂತು. ಹಳೆಯದರಲ್ಲೇ ಕೂರುವ ಹಠಕ್ಕೆ ಹೊಸದಾಗಿ ಕೊಳ್ಳುವವರಿಗೆ ಜಾಗ ಉಳಿಯಲಿಲ್ಲ.

ನಮ್ಮ ಭಾಷೆಗೂ ಇದರಲ್ಲೊಂದು ಪಾಲಿದೆ. 2007ರ ಫೈಲು ರೂಪದಿಂದ ನಕ್ಷೆಯೊಳಗಿನ ಬರಹ ಯುನಿಕೋಡ್ ಆಯಿತು. ಅದಕ್ಕೂ ಮುಂಚೆ ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಕನ್ನಡ, ಫೈಲಿನ ಲೆಕ್ಕಕ್ಕೆ, ಕನ್ನಡದ ವೇಷ ಹಾಕಿದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ವೇಷ ಕಳಚುತ್ತದೆ. ಹೊಸ ಆವೃತ್ತಿ ಗೋಡೆ, ಕಂಬ, ಅಳತೆಗಳನ್ನು ಇದ್ದಲ್ಲೇ ತೋರಿಸುತ್ತದೆ. 'ಅಡುಗೆಮನೆ', 'ದೇವರಮನೆ' ಎಂದಿದ್ದ ಜಾಗದಲ್ಲಿ ಮಾತ್ರ ಯಾರೂ ಓದಲಾಗದ ಚಿಹ್ನೆಗಳು. ಅವನ್ನು ಯಾರಾದರೂ ಕೂತು ಮತ್ತೆ ಟೈಪ್ ಮಾಡಬೇಕು, ಇಲ್ಲವೇ ಪರಿವರ್ತಕಕ್ಕೆ ಕೊಟ್ಟು ಸಾಲುಸಾಲಾಗಿ ತಾಳೆ ನೋಡಬೇಕು.