ಕಹಳೆಯೂ ಅದರ ಪಾಲನೆಯೂ

ನಮ್ಮ ನಾಡಿನ ಹಳೆಯ ಶಾಸನಗಳಲ್ಲಿ ಸಾಮಂತರ ಬಿರುದಾವಳಿಗಳು ಅನೇಕ ವೇಳೆ ‘ಸಮಧಿಗತ ಪಂಚಮಹಾಶಬ್ದ’ ಎಂಬ ವಿಶೇಷಣದಿಂದ ಮೊದಲಾಗುವುದನ್ನು ವಾಚಕರು ಬಲ್ಲರು. ಐದು ಮಹಾವಾದ್ಯಗಳ ಗೌರವವನ್ನು ಪಡೆದವನೆಂಬುದು ಇದರ ತಾತ್ಪರ್ಯ. ನಿಜಗುಣ ಶಿವಯೋಗಿಗಳ ‘ವಿವೇಕಚಿಂತಾಮಣಿ’ಯ ಪ್ರಕಾರ ಇವು ಶೃಂಗ, ತಮ್ಮಟ, ಶಂಖ, ಭೇರಿ ಮತ್ತು ಜಯಘಂಟೆ. ಶೃಂಗವೆಂದರೆ ಕೊಂಬು. ಮೊದಲು ಪ್ರಾಣಿಯ ಕೊಂಬೇ ಆಗಿದ್ದ ಈ ವಾದ್ಯವು ಕ್ರಮೇಣ ತಾಮ್ರ, ಕಂಚು, ಹಿತ್ತಾಳೆಗಳ ಕೊಳವೆಯಾದರೂ ಹಳೆಯ ಹೆಸರನ್ನು ಉಳಿಸಿಕೊಂಡಿತು. ಕಹಳೆಯು ಇದರ ಒಡಹುಟ್ಟು.

ನಮ್ಮ ಹೊಸಕೋಟೆಯಾದರೋ ಕೋಟೆಯಿಂದಲೇ ಹೆಸರು ಪಡೆದ ಊರು. ಸುಗಟೂರಿನ ತಮ್ಮೇಗೌಡನು ಸುಮಾರು 1595ರಲ್ಲಿ ಇದನ್ನು ಕಟ್ಟಿಸಿದನು; 1761ರಲ್ಲಿ ಇದು ಹೈದರನ ವಶವಾಯಿತು; 1768ರ ಆಗಸ್ಟಿನಲ್ಲಿ ಇಲ್ಲಿ ಬೀಡುಬಿಟ್ಟಿದ್ದ ಮುರಾರಿರಾಯನ ಪಾಳೆಯದ ಮೇಲೆ ಹೈದರನ ಸೈನ್ಯವು ಇರುಳು ದಾಳಿ ನಡೆಸಿತು. ಆ ಕಾಲದ ದಂಡುಗಳಲ್ಲಿ ಮನುಷ್ಯನ ಕೂಗು ಮುಟ್ಟದ ದೂರಕ್ಕೆ ಆಜ್ಞೆಯನ್ನು ಒಯ್ಯುತ್ತಿದ್ದುದು ಕಹಳೆ ನಗಾರಿಗಳ ನಾದವೇ. 1809ರಲ್ಲಿ ಬೆಂಗಳೂರಿನಲ್ಲಿ ಆಂಗ್ಲರ ದಂಡು ನೆಲೆಗೊಂಡ ಮೇಲೆ ಯುರೋಪಿನ ತುತ್ತೂರಿಯೂ ನಮ್ಮ ನೆರೆಗೆ ಬಂದಿತು.

ಆಗಿನ ತುತ್ತೂರಿಯು ನಮ್ಮ ಕೊಂಬಿನಂತೆಯೇ ಬರಿಯ ಕೊಳವೆ. ಕೆಲವೇ ಸ್ವರಗಳನ್ನು ಕೊಡಬಲ್ಲದು. ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಎಂಬವರು 1818ರಲ್ಲಿ ಬರ್ಲಿನ್ನಿನಲ್ಲಿ ಕವಾಟದ ಯಂತ್ರಕ್ಕೆ ಹಕ್ಕುಪತ್ರ ಪಡೆದರು. 1839ರಲ್ಲಿ ಪ್ಯಾರಿಸಿನ ಪೆರಿನೆ ಅದನ್ನು ತಿದ್ದಿದನು. ಬೆರಳೊತ್ತಿದೊಡನೆ ಉಸಿರಿನ ಹಾದಿ ಉದ್ದವಾಗಿ ಎಲ್ಲ ಸ್ವರಗಳೂ ಕೈಗೆ ಸಿಕ್ಕಿದವು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಮೈಸೂರು ಅರಮನೆಯ ಪಾಶ್ಚಾತ್ಯ ವಾದ್ಯವೃಂದವನ್ನು ಜರ್ಮನಿಯ ಆಟೋ ಶ್ಮಿಟ್ ನಡೆಸಿದರು. ಮುಂದೆ ಬ್ಯಾಂಡ್‌ಸೆಟ್ಟಿನವರ ಮೂಲಕ ಈ ವಾದ್ಯವು ಮದುವೆಯ ಮೆರವಣಿಗೆಗಳಿಗೂ ಇಳಿಯಿತು.

ವಾದ್ಯವು ಹಳೆಯದಾಗಲಿ ಹೊಸದಾಗಲಿ, ಅದರ ವೈರಿಯು ಒಂದೇ: ಊದುವವನ ಉಸಿರಿನ ತೇವ. ಅದು ಒಳಗೇ ನಿಂತರೆ ತಾಮ್ರದಲ್ಲಿ ಹಸುರು ಕಿಲುಬು ಹುಟ್ಟುತ್ತದೆ. ಹಿತ್ತಾಳೆಯಲ್ಲಾದರೆ ಅದರೊಳಗಿನ ಸತುವು ಕರಗಿ ಹೋಗಿ, ಕೆಂಪು ಕಲೆಗಳು ಮೂಡಿ, ಲೋಹವು ಒಳಗಿನಿಂದಲೇ ಟೊಳ್ಳಾಗುತ್ತದೆ. ಹುಣಸೆಹಣ್ಣು ಬೂದಿಗಳಿಂದ ಉಜ್ಜುವುದು ನಮ್ಮ ಮನೆಗಳ ರೂಢಿ. ಹುಣಸೆಯ ಹುಳಿಯು ಕಿಲುಬನ್ನು ಕರಗಿಸುವುದು ನಿಜ; ಆದರೆ ಚೆನ್ನಾಗಿ ತೊಳೆಯದೆ ಬಿಟ್ಟರೆ ಅದೇ ಹುಳಿಯು ಲೋಹವನ್ನು ತಿನ್ನತೊಡಗುತ್ತದೆ. ಮೇಲಾಗಿ, ಈ ಉಜ್ಜುವಿಕೆಯು ಹೊರಮೈಗೆ ಮಾತ್ರ ಮುಟ್ಟುತ್ತದೆ. ನಾದವು ಹುಟ್ಟುವುದು ಒಳಗೆ.

ಆದಕಾರಣ ಪಾಲನೆಯು ಒಳಗಿನಿಂದಲೇ ಆರಂಭವಾಗತಕ್ಕದ್ದು. ಊದಿ ಮುಗಿದೊಡನೆ ನೀರನ್ನು ಬಸಿಯಬೇಕು. ಬಿಡಿಸಬಹುದಾದ ಭಾಗಗಳನ್ನು ಆಗಾಗ ಬಿಡಿಸಿ, ಉಗುರು ಬೆಚ್ಚಗಿನ ನೀರು ಮತ್ತು ಮೃದುವಾದ ಸಾಬೂನಿನಿಂದ ಮೆತ್ತನೆಯ ಕುಂಚವನ್ನಾಡಿಸಿ ತೊಳೆದು, ಪೂರ್ತಿಯಾಗಿ ಒಣಗಿಸಬೇಕು. ಕುದಿನೀರು ಮೆರುಗಿನ ಲೇಪವನ್ನು ಕೆಡಿಸುತ್ತದೆ. ತುತ್ತೂರಿಯ ಕವಾಟಗಳಿಗೆ ತೆಳುವಾದ ಎಣ್ಣೆಯೂ, ಜಾರುಕೊಳವೆಗಳಿಗೆ ಗಟ್ಟಿಯಾದ ಜಿಡ್ಡೂ ಬೇಕು. ಒಂದರ ಸ್ಥಾನದಲ್ಲಿ ಇನ್ನೊಂದು ಸಲ್ಲದು. ಬಾಯಿಗಿಡುವ ತುದಿಯು ಒಳಗೆ ಸಿಕ್ಕಿಕೊಂಡರೆ ಇಕ್ಕಳದಿಂದ ಎಳೆಯಬಾರದು. ಬಲ್ಲವರ ಕೈಗೆ ಕೊಡಬೇಕು.

ದೇವಾಲಯಗಳಲ್ಲಿರುವ ಹಳೆಯ ಕೊಂಬುಗಳ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಅವಶ್ಯ. ಕಲ್ಲಿನ ಬರಹವನ್ನು ನಾವು ಶಾಸನವೆಂದು ಕಾಪಾಡುತ್ತೇವೆ. ಲೋಹದ ಮೇಲೆ ಸಣ್ಣಗೆ ಕೆತ್ತಿದ ದಾನಿಯ ಹೆಸರೂ ಶಾಸನವೇ. ವರ್ಷವರ್ಷವೂ ಭಕ್ತಿಯಿಂದ ತಿಕ್ಕುವ ಕೈಯೇ ಅದನ್ನು ಸವೆಸಿಬಿಡಬಲ್ಲದು. ತಿಕ್ಕದೆ ಮೂಲೆಗೆಸೆದ ಕೊಂಬು ಕಿಲುಬಿಗೆ ತುತ್ತಾದರೆ, ಅತಿಯಾಗಿ ತಿಕ್ಕಿದ ಕೊಂಬು ತನ್ನ ಚರಿತ್ರೆಯನ್ನೇ ಕಳೆದುಕೊಳ್ಳುತ್ತದೆ. ಅಂಥ ಬರಹವು ಕಂಡುಬಂದಲ್ಲಿ ಮೊದಲು ಅದನ್ನು ನಕಲು ಮಾಡಿಕೊಂಡು, ಬಳಿಕ ಒಣಗಿದ ಮೆತ್ತನೆಯ ಬಟ್ಟೆಯಿಂದ ಮಾತ್ರ ಒರಸುವುದು ಲೇಸು.

ಹೊಳಪೇ ಪಾಲನೆಯಲ್ಲ. ಊದುವವರೂ ಬೇಕು, ಒರಸುವವರೂ ಬೇಕು; ಕೊಂಬಿನ ಮೈಯನ್ನು ಓದಬಲ್ಲವರೂ ಬೇಕು. ಈ ಮೂವರೂ ಇರುವ ಊರಿನಲ್ಲಿ ಪಂಚಮಹಾಶಬ್ದದ ಮೊದಲನೆಯ ಶಬ್ದವು ಮೌನವಾಗಲಾರದು.